ಲಘುವಿನ ಮೇಲೆ ಬಿದ್ದ ಒತ್ತು

ಬೆಳಿಗ್ಗೆ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಪುಷ್ಪಲತಾ ತನ್ನಷ್ಟಕ್ಕೆ ತಾನು ಆ ಪದವನ್ನು ಬಾಯಿಬಿಟ್ಟು ಅಂದುಕೊಂಡದ್ದು ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದ ಗುರುಶಾಂತನ ಕಿವಿಗೆ ಬಿತ್ತು. ಬಿದ್ದದ್ದೇ ತಡ, ಬ್ರಷ್ಷು ಹಿಡಿದ ಕೈ ಅಲ್ಲೇ ನಿಂತುಹೋಯಿತು. ಲೋಕಲ್ ಸೆಲ್ಫ್-ಗವರ್ನ್‌ಮೆಂಟ್. ಪದವೇನೋ ಅದೇ. ವಾರದಿಂದ ಅವನೇ ಎದುರಿಗೆ ಕೂರಿಸಿಕೊಂಡು ಹೆಂಡತಿಗೆ ಉರು ಹೊಡೆಸುತ್ತಿದ್ದ ಪದ. ಆದರೆ ಅದು ಬಂದ ರೀತಿ ಅವನದಲ್ಲ. ರೊಟ್ಟಿಯ ಮೇಲೆ ಅಂಗೈ ಬಿದ್ದದ್ದು ಸರಿಯಾಗಿ 'ಗ' ಎಂಬಲ್ಲಿ. ಅಲ್ಲಿಂದ ಮುಂದಿನದೆಲ್ಲ ಇಳಿಜಾರಿನಲ್ಲಿ ಸೈಕಲ್ಲು ಬಿಟ್ಟಂತೆ ಜಾರಿಹೋಯಿತು. ರಕಾರ ಕೇಳಲಿಲ್ಲ, ನಕಾರ ಇದ್ದೂ ಇಲ್ಲದಂತೆ ಸರಿದುಹೋಯಿತು, ಮೆಂಟ್ ಎನ್ನುವುದು ತುಟಿಯ ಹತ್ತಿರ ಬರುವಷ್ಟರಲ್ಲಿ ಸಣ್ಣಗಾಗಿ ಮಂಟ್ ಆಗಿತ್ತು. ಟಿವಿಯಲ್ಲಿ ಹೊರದೇಶದ ಸುದ್ದಿ ಓದುವವರು ಹೀಗೆ ಅನ್ನುವುದನ್ನು ಅವನು ಕೇಳಿದ್ದ. ಕೇಳಿದಾಗಲೆಲ್ಲ ಚಾನೆಲ್ಲು ಬದಲಿಸಿದ್ದ. ಈಗ ತನ್ನ ಅಡಿಗೆಮನೆಯಿಂದಲೇ ಆ ದನಿ ಬಂದರೆ ಏನನ್ನು ಬದಲಿಸುವುದು? ಯಾರೋ ಇವಳಿಗೆ ಹೇಳಿಕೊಟ್ಟಿದ್ದಾರೆ ಎಂದುಕೊಂಡ. ಬಾಯಿ ಮುಕ್ಕಳಿಸುವುದನ್ನೂ ಮರೆತು, ನೊರೆ ತುಂಬಿದ ಬಾಯಲ್ಲೇ ಅಡಿಗೆಮನೆಯ ಬಾಗಿಲಿಗೆ ಬಂದು ನಿಂತ.

ಹೇಳಬೇಕೆಂದರೆ ಗುರುಶಾಂತ ಇಂಗ್ಲಿಷಿನವನೇ ಅಲ್ಲ. ಓದಿದ್ದು ಕನ್ನಡ. ಛಂದಸ್ಸೆಂದರೆ ಪ್ರಾಣ. ಊರ ಹೈಸ್ಕೂಲಿನಲ್ಲಿ ಖಾಲಿ ಇದ್ದದ್ದು ಇಂಗ್ಲಿಷಿನ ಹುದ್ದೆಯಾದ್ದರಿಂದ ಆ ಕುರ್ಚಿಯಲ್ಲಿ ಹೋಗಿ ಕೂತ, ಕೂತವನು ಏಳಲಿಲ್ಲ. ಬಾರದ ಭಾಷೆಯನ್ನು ಬರುವ ದಾರಿಯಿಂದಲೇ ಹಿಡಿದ. ಯಾವ ಉದ್ದದ ಪದ ಬಂದರೂ ಬೋರ್ಡಿನ ಮೇಲೆ ಬಿಡಿಸಿ ಬರೆದು ಪ್ರಸ್ತಾರ ಹಾಕುವುದು, ಲಘುವಿಗೆ ಚಿಟಿಕೆ, ಗುರುವಿಗೆ ಚಪ್ಪಾಳೆ. ಒತ್ತಕ್ಷರದ ಹಿಂದಿನದು ಗುರು, ಗುರು ಇದ್ದಲ್ಲಿ ಒತ್ತು, ಇದರಲ್ಲಿ ತಕರಾರೇ ಇಲ್ಲ. ಗ, ಚಿಟಿಕೆ. ವರ್, ಚಪ್ಪಾಳೆ. ನ, ಚಿಟಿಕೆ. ಮೆಂಟ್, ಚಪ್ಪಾಳೆ. ಈ ಲೆಕ್ಕದಲ್ಲಿ ಪದದ ಭಾರವೆಲ್ಲ ಮೊದಲ ಗುರುವಾದ 'ವರ್' ಮೇಲೆ ಬಂದು ಕೂರುತ್ತಿತ್ತು. ಇಡೀ ತರಗತಿ ಚಪ್ಪಾಳೆ ಹೊಡೆಯುವಾಗ ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಮಕ್ಕಳು ಅವನಿಗೆ ಪ್ರಸ್ತಾರ ಮೇಷ್ಟ್ರು ಎಂದು ಹೆಸರಿಟ್ಟಿದ್ದು ಅವನಿಗೂ ಗೊತ್ತಿತ್ತು, ಒಳಗೊಳಗೇ ಹಿಗ್ಗೂ ಇತ್ತು. ಅವನ ಕೈಯಲ್ಲಿ ಕಲಿತ ಹುಡುಗಿಯರು ಬಳ್ಳಾರಿ, ದಾವಣಗೆರೆಯ ಕಾಲೇಜುಗಳಿಗೆ ಹೋಗಿ ಇಂಗ್ಲಿಷಿನಲ್ಲಿ ಚೆನ್ನಾಗಿ ಮಾತಾಡುತ್ತಾರೆಂದು ಊರವರು ಹೇಳುವಾಗ ಅವನು ಬೇಕೆಂದೇ ಬೇರೆ ಕಡೆ ನೋಡುತ್ತಿದ್ದ, ಹೊಗಳಿಕೆ ಇನ್ನೊಂದು ಸ್ವಲ್ಪ ಮುಂದುವರಿಯಲಿ ಎಂದು.

ಈಗ ಅವನ ಮುಂದಿದ್ದವಳು ಹುಡುಗಿಯಲ್ಲ, ಊರ ಪಂಚಾಯಿತಿಯ ಅಧ್ಯಕ್ಷೆ. ದೆಹಲಿಯಿಂದ ಯಾರೋ ದೊಡ್ಡವರ ತಂಡ ಇವತ್ತು ಮಧ್ಯಾಹ್ನ ಹಗರಿಬೊಮ್ಮನಹಳ್ಳಿಗೆ ಬರುವುದಿತ್ತು. ಸುತ್ತಲ ತಾಲ್ಲೂಕುಗಳ ಅಧ್ಯಕ್ಷೆಯರು ಅವರ ಮುಂದೆ ತಂತಮ್ಮ ಪಂಚಾಯಿತಿಯ ಬಗ್ಗೆ ನಾಲ್ಕು ಮಾತಾಡಬೇಕು. ಇಂಗ್ಲಿಷಿನಲ್ಲೇ ಆಗಬೇಕೆಂದು ಯಾರೂ ಹೇಳಿರಲಿಲ್ಲ. ಹಾಗೆ ಹಟ ಹಿಡಿದವನು ಗುರುಶಾಂತ. ತಾನೇ ಬರೆದ, ತಾನೇ ತಿದ್ದಿದ, ಮೊದಲ ಸಾಲಿನಲ್ಲೇ ಆ ಪದ ಇಟ್ಟ. ಏನಂದಿ ಈಗ ಎಂದು ಅವನು ಬಾಗಿಲಲ್ಲಿ ನಿಂತು ಕೇಳಿದಾಗ ಪುಷ್ಪಲತಾ ಹಂಚಿನ ಮೇಲಿನ ರೊಟ್ಟಿಗೆ ನೀರು ಸವರುತ್ತಾ, ಏನಿಲ್ಲ, ನೀವು ಹೇಳಿಕೊಟ್ಟದ್ದನ್ನೇ ನೆನೆಸುತ್ತಿದ್ದೆ ಎಂದಳು. ಇನ್ನೊಮ್ಮೆ ಅನ್ನು ಎಂದ. ಅವಳು ಹಿಟ್ಟಿನ ಕೈಯಲ್ಲೇ ಚಿಟಿಕೆ, ಚಪ್ಪಾಳೆ ಹಾಕಿ, 'ವರ್' ಮೇಲೆ ತಪ್ಪದೆ ಭಾರ ಬಿಟ್ಟು ಒಪ್ಪಿಸಿದಳು. ಕೂದಲೆಳೆಯಷ್ಟೂ ತಪ್ಪಿಲ್ಲ. ತಪ್ಪಿಲ್ಲದ್ದೇ ಅವನನ್ನು ಇನ್ನಷ್ಟು ಕೆಡಿಸಿತು. ನಿಜವಾಗಿ ಕಲಿಯುತ್ತಿರುವವರು ಎಲ್ಲಾದರೂ ಒಂದು ಕಡೆ ಎಡವುತ್ತಾರೆ. ಇವಳು ಎರಡು ನಾಲಿಗೆ ಇಟ್ಟುಕೊಂಡವಳ ಹಾಗೆ ಇದನ್ನು ಬಿಟ್ಟು ಅದನ್ನು, ಅದನ್ನು ಬಿಟ್ಟು ಇದನ್ನು ಹಿಡಿಯುತ್ತಾಳೆ. ರೊಟ್ಟಿ ಉಬ್ಬಿತು. ನೊರೆ ಅವನ ಗಲ್ಲದಿಂದ ಬನಿಯನ್ನಿನ ಮೇಲೆ ಇಳಿದಿತ್ತು.

ಅನುಮಾನಕ್ಕೆ ಒಂದು ಮುಖ ಬೇಕಲ್ಲ, ಅದು ಸ್ನಾನ ಮುಗಿಯುವಷ್ಟರಲ್ಲಿ ಸಿಕ್ಕಿತು. ಗಂಗಾಧರ್, ಪಂಚಾಯಿತಿಯ ಪಿಡಿಒ. ತೆಲಿಗಿ ಕಡೆಯ ಹುಡುಗ, ಮೈಸೂರಿನಲ್ಲಿ ತರಬೇತಿ ಮುಗಿಸಿ ಬಂದವನು, ಅಂಗಿಯನ್ನು ಇಸ್ತ್ರಿಯ ಗೆರೆ ಕೆಡದಂತೆ ತೊಡುವವನು. ಸೀಟು ಮಹಿಳೆಯರಿಗೆ ಮೀಸಲಾದಾಗ ಪುಷ್ಪಲತಾಳನ್ನು ನಿಲ್ಲಿಸಿದವನು ಗುರುಶಾಂತ, ಮನೆಮನೆಗೆ ಹೋಗಿ ಕೈ ಮುಗಿದವನು ಗುರುಶಾಂತ. ಗೆದ್ದ ಮೇಲೆ ಶಾಲೆ ಬಿಟ್ಟೊಡನೆ ಹೋಗಿ ಅವಳ ಕುರ್ಚಿಯ ಪಕ್ಕ ಇನ್ನೊಂದು ಕುರ್ಚಿ ಎಳೆದುಕೊಂಡು ಕೂರುವುದು ಅವನಿಗೆ ಅಭ್ಯಾಸವಾಗಿತ್ತು. ಎಲ್ಲ ಊರುಗಳಲ್ಲೂ ಅಧ್ಯಕ್ಷೆಯರ ಯಜಮಾನರು ಹಾಗೇ ಕೂರುತ್ತಿದ್ದರು, ಅದರಲ್ಲಿ ಹೇಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಹೋದ ವರ್ಷ ಮೇಲಿನಿಂದ ಏನೋ ಆದೇಶ ಬಂತೆಂದು ಈ ಗಂಗಾಧರ್ ಬಹಳ ಮರ್ಯಾದೆಯಿಂದ, ಕೈ ಕೈ ಹಿಸುಕಿಕೊಳ್ಳುತ್ತಾ, ಸರ್ ತಾವು ಹೊರಗೆ ಕೂತರೆ ನಮಗೂ ಅನುಕೂಲ ಎಂದ. ಅವತ್ತಿನಿಂದ ಬೇವಿನ ಮರದ ಕೆಳಗಿನ ಬೆಂಚು. ಒಳಗಿನವರಿಗೆ ಚಹಾ ಕೊಟ್ಟಾದ ಮೇಲೆ ಉಳಿದದ್ದು ಬೆಂಚಿಗೆ ಬರುತ್ತಿತ್ತು. ಒಂದು ದಿನ ಒಳಗಿನಿಂದ ಪುಷ್ಪಲತಾಳ ನಗು ಕೇಳಿತ್ತು. ಮನೆಯಲ್ಲಿ ಅವಳು ಹಾಗೆ ನಕ್ಕದ್ದನ್ನು ಅವನು ಕೇಳಿರಲಿಲ್ಲ. ಏನು ನಗು ಬಂತು ಎಂದು ರಾತ್ರಿ ಊಟಕ್ಕೆ ಕೂತಾಗ ಕೇಳಿದ್ದಕ್ಕೆ, ಏನೋ ಕಾಗದದಲ್ಲಿ ತಪ್ಪು ಬರೆದಿದ್ದರು ಎಂದಿದ್ದಳು. ಕಾಗದದ ತಪ್ಪಿಗೆ ಯಾರಾದರೂ ಹಾಗೆ ನಗುತ್ತಾರೆಯೇ?

ಇಡೀ ದಿನದ ರಜೆ ಹಾಕಿದ್ದರಿಂದ ಶಾಲೆಯ ತಾಪತ್ರಯ ಇರಲಿಲ್ಲ. ಅಧ್ಯಕ್ಷರು ಇನ್ನೂ ಮನೆಯಲ್ಲಿರುವಾಗಲೇ ಅಧ್ಯಕ್ಷರ ಯಜಮಾನರು ಪಂಚಾಯಿತಿ ಆಫೀಸಿನ ಮೆಟ್ಟಿಲು ಹತ್ತಿದರು. ಗಂಗಾಧರ್ ಎದ್ದು ನಿಂತು ಕುರ್ಚಿ ತೋರಿಸಿದ. ಈ ಎದ್ದು ನಿಲ್ಲುವುದರಲ್ಲೂ ಗುರುಶಾಂತನಿಗೆ ಏನೋ ವಾಸನೆ ಹೊಡೆಯಿತು. ತಪ್ಪು ಮಾಡಿದವರೇ ಬೇಗ ಏಳುತ್ತಾರೆ, ಇಷ್ಟು ವರ್ಷ ಬೆಂಚುಗಳ ಮುಂದೆ ನಿಂತವನಿಗೆ ಅಷ್ಟು ತಿಳಿಯದೆ? ಅವನು ಭಾಷಣದ ಹಾಳೆ ತೆಗೆದು ಮುಂದಿಟ್ಟು, ಒಂದು ಸಲ ಜೋರಾಗಿ ಓದು, ಕೇಳೋಣ ಎಂದ. ಯಾಕೆಂದು ಕೇಳದೆ ಗಂಗಾಧರ್ ಓದಿದ. ಮೊದಲ ಸಾಲಿಗೇ ಗುರುಶಾಂತ ಮುಂದಕ್ಕೆ ಬಾಗಿ ಅವನ ತುಟಿಗಳನ್ನೇ ನೋಡತೊಡಗಿದ. ಲೋಕಲ್ ಸೆಲ್ಫ್ ಗೌರ್ಮೆಂಟು ಎಂದು ಗಂಗಾಧರ್ ಸಲೀಸಾಗಿ, ಬಸ್ಸಿನಲ್ಲಿ ಟಿಕೆಟ್ಟು ಕೇಳುವ ಹಾಗೆ ಅಂದು ಮುಂದೆ ಹೋದ. ಗೌರ್ಮೆಂಟು! ಅವನ ಬಾಯಲ್ಲಿ ಒತ್ತೂ ಇಲ್ಲ, ಪ್ರಸ್ತಾರವೂ ಇಲ್ಲ, ಇಡೀ ಜಿಲ್ಲೆ ಅನ್ನುವುದನ್ನೇ ಅವನೂ ಅನ್ನುತ್ತಾನೆ. ಇವನಲ್ಲ. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಜೊತೆಗೆ, ನಾಚಿಕೆಯಿಲ್ಲದೆ ಹೇಳಬೇಕೆಂದರೆ, ಸ್ವಲ್ಪ ನಿರಾಸೆಯೂ ಆಯಿತು. ಇವನೇ ಆಗಿದ್ದರೆ ಸಿಟ್ಟು ಮಾಡುವುದಕ್ಕೆ ಸುಲಭವಿತ್ತು.

ಹಾಳೆ ಮಡಿಸುತ್ತಾ ಗಂಗಾಧರ್, "ಭಾಷಣದ ಚಿಂತಿ ಬಿಡಿ ಸರ್. ಇಂಗ್ಲಿಷ್ ಕಾಗದ ಏನೇ ಬಂದ್ರೂ ಮೇಡಂ ತಿದ್ದಿ ಕೊಟ್ಮೇಲೇನೆ ನಾವು ಮೇಲಕ್ಕೆ ಕಳಿಸೋದು," ಎಂದವನು ತಟ್ಟನೆ ತಡೆದು, "ಅಂದ್ರೆ, ಮನೀಗೆ ಒಯ್ದು ನಿಮಗೆ ತೋರಿಸಿ ತಿದ್ದಿಸ್ಕೊಂಡು ಬರ್ತಾರಲ್ಲ ಸರ್, ಅದನ್ನ ಹೇಳಿದೆ," ಎಂದ. ಆ ಒಂದು ಕ್ಷಣದ ತಡೆ ಗುರುಶಾಂತನನ್ನು ಕುರ್ಚಿಯಲ್ಲೇ ಹಿಡಿದು ಕೂರಿಸಿತು. ಪುಷ್ಪಲತಾ ಒಂದೇ ಒಂದು ಕಾಗದವನ್ನೂ ಮನೆಗೆ ತಂದು ಅವನಿಗೆ ತೋರಿಸಿರಲಿಲ್ಲ. ಹೌದು, ನಾನೇ ತಿದ್ದುವುದು ಎಂದು ಅವನ ಬಾಯಿ ತಾನಾಗಿ ಹೇಳಿತು. ಗಂಗಾಧರ್ ಬೇಗ ಬೇಗ ತಲೆ ಆಡಿಸಿದ. ಇಬ್ಬರೂ ಸುಳ್ಳನ್ನು ಹಂಚಿಕೊಂಡು ಕೂತಿದ್ದೇವೆ ಎಂಬುದು ಗುರುಶಾಂತನಿಗೆ ಗೊತ್ತಾಯಿತು, ಯಾವುದರ ಸುಳ್ಳು ಎಂಬುದು ಮಾತ್ರ ಗೊತ್ತಾಗಲಿಲ್ಲ. ಅಟೆಂಡರ್ ಚೌಡಣ್ಣ ಚಹಾ ತಂದ. ಇವತ್ತು ಮೊದಲ ಲೋಟ ಅವನಿಗೇ ಕೊಟ್ಟ. ಗುರುಶಾಂತ ಕುಡಿಯದೆ ಎದ್ದ.

ಹಾಗಾದರೆ ಯಾರು? ಬೈಕು ಹತ್ತಿದವನು ಕಿಕ್ ಹೊಡೆಯದೆ ಹಾಗೇ ಕೂತ. ಬಸ್ ನಿಲ್ದಾಣದ ಎದುರು ಜಮಾಲ್ ಸಾಬ್‌ರ ಗ್ಯಾರೇಜು ಕಾಣುತ್ತಿತ್ತು. ಅವರ ಮಗಳು ಅಫ್ರೀನ್ ಹಿಂದೆ ಅವನ ಮನೆಗೇ ಟ್ಯೂಷನ್ನಿಗೆ ಬರುತ್ತಿದ್ದವಳು, ಬಿ.ಎಡ್. ಮುಗಿಸಿ ಈಗ ತಂಬ್ರಹಳ್ಳಿಯ ಒಂದು ಖಾಸಗಿ ಶಾಲೆಯಲ್ಲಿ ಪಾಠ ಮಾಡುತ್ತಾಳೆ. ಈಚೆಗೆ ಪುಷ್ಪಲತಾಳ ಜೊತೆ ಅವಳ ಓಡಾಟ ಹೆಚ್ಚಾಗಿತ್ತು. ಮೊನ್ನೆ ಮನೆಯ ಮುಂದಿನ ಕಟ್ಟೆಯ ಮೇಲೆ ಇಬ್ಬರೂ ಕೂತು ಸೊಪ್ಪು ಸೋಸುತ್ತಿದ್ದವರು ಅವನು ಗೇಟು ತೆಗೆದ ಸದ್ದಿಗೆ ಮಾತು ನಿಲ್ಲಿಸಿದ್ದರು. ಆಗ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಈಗ ಎಲ್ಲ ಲೆಕ್ಕಕ್ಕೆ ಬಂತು. ಗುರುವಿಗೇ ತಿರುಮಂತ್ರವೋ? ತಾನು ಕಲಿಸಿದ್ದು ತಪ್ಪೆಂದು ತನ್ನ ಶಿಷ್ಯೆಯೇ ತನ್ನ ಹೆಂಡತಿಗೆ ಹೇಳಿಕೊಡುತ್ತಾಳೋ? ಇರಲಿ, ನೋಡಿಯೇಬಿಡೋಣ. ಬ್ರೇಕು ಸ್ವಲ್ಪ ಸಡಿಲವಾಗಿದೆ ಎಂಬ ನೆವ ತೆಗೆದು ಬೈಕನ್ನು ಗ್ಯಾರೇಜಿನ ಮುಂದೆ ನಿಲ್ಲಿಸಿದ. ಜಮಾಲ್ ಸಾಬ್ ಎಣ್ಣೆಗೈ ಒರೆಸಿಕೊಳ್ಳುತ್ತಾ ಬಂದು, ಬರ್ರಿ ಮೇಷ್ಟ್ರ ಎಂದು ಸ್ಟೂಲು ಕೊಟ್ಟು, ಬ್ರೇಕು ನೋಡಿ, ಇದಕ್ಕೇನಾಗಿದೆ ಎಂಬಂತೆ ಅವನ ಮುಖ ನೋಡಿ, ಆದರೂ ಸ್ಪಾನರು ತರಲು ಒಳಗೆ ಹೋದರು. ಗ್ಯಾರೇಜಿಗೆ ಹೊಂದಿಕೊಂಡೇ ಮನೆ. ಅವತ್ತು ಶಾಲೆಗೆ ರಜೆ ಹಾಕಿದ್ದ ಅಫ್ರೀನ್ ನೀರು ತಂದುಕೊಟ್ಟಳು.

ಅವನು ನೇರ ಕೇಳಲಿಲ್ಲ. ಪರೀಕ್ಷೆಯ ಕೋಣೆಯಲ್ಲಿ ನಕಲು ಹೊಡೆಯುವವರನ್ನು ಹಿಡಿಯುವಾಗ ಅವನದೊಂದು ಉಪಾಯವಿತ್ತು. ಎಲ್ಲ ಗೊತ್ತಿರುವವನ ಹಾಗೆ ಸುಮ್ಮನೆ ಮುಂದೆ ಹೋಗಿ ನಿಲ್ಲುವುದು, ಉಳಿದದ್ದನ್ನು ಅವರೇ ಹೇಳುತ್ತಾರೆ. ನೀರು ಕುಡಿದು ಲೋಟ ಕೆಳಗಿಟ್ಟು, "ನಿಮ್ಮ ಆಂಟಿ ಎಲ್ಲ ಹೇಳಿದಳವ್ವ. ನನಗ ಗೊತ್ತೈತಿ ಬಿಡು," ಎಂದ. ಅಫ್ರೀನ್ ಮೊದಲು ಗಾಬರಿಯಾದಳು. ಆಮೇಲೆ ಅವನ ಮುಖದಲ್ಲಿ ಸಿಟ್ಟು ಕಾಣದೆ, ದೊಡ್ಡದೊಂದು ಹೊರೆ ಇಳಿಸಿದವಳಂತೆ ನಕ್ಕುಬಿಟ್ಟಳು.

"ಹೇಳಿದ್ರಾ ಸರ್? ಚಲೋ ಆತು ಬಿಡ್ರಿ. ನಮಗ ಎಷ್ಟು ವರ್ಷ ಹೆದರಿಕಿ ಇತ್ತು ಗೊತ್ತೇನ್ರಿ. ನೀವು ಸಾಲಿಯಿಂದ ಬಂದು ಮುಖ ತೊಳಕೊಂಡು ಚಾ ಕುಡಿಯೋತನಕ ನಾವೆಲ್ಲ ಕಟ್ಟಿ ಮ್ಯಾಲೆ ಕುಂತಿರ್ತಿದ್ವೆಲ್ರಿ, ಆವಾಗ ಆಂಟಿ ಒಂದೊಂದಾ ಪದ ಕಲಿಸೋರು. ನಮಗೆಲ್ಲ ಇಂಗ್ಲಿಷ್ ಬಾಯಿಗೆ ಹತ್ತಿದ್ದ ಅಲ್ಲಿ ಸರ್. ಆದ್ರ ಒಳಗ ಬರೋ ಮುಂಚೆ ಹೇಳಿ ಕಳಸೋರು, ಹೊರಗ ಹೋದಾಗ ಹಿಂಗ ಅನ್ರಿ, ಸರ್ ಮುಂದ ಮಾತ್ರ ಸರ್ ಹೇಳಿದಂಗ ಅನ್ರಿ, ಸರ್ ಮನಸ್ಸು ನೋಯಬಾರದು ಅಂತ."

ಗುರುಶಾಂತನೂ ನಕ್ಕ. ನಗದೆ ಬೇರೆ ದಾರಿ ಇರಲಿಲ್ಲ. ಜಮಾಲ್ ಸಾಬ್ ಸ್ಪಾನರು ತಂದು ಏನೂ ಆಗಿರದ ಬ್ರೇಕನ್ನು ಬಿಚ್ಚಿ ಮತ್ತೆ ಹಾಕಿದರು. ಅವನು ಅದನ್ನೇ ನೋಡುತ್ತಾ ಕೂತ. ಎಷ್ಟು ಹುಡುಗಿಯರು ಆ ಕಟ್ಟೆಯ ಮೇಲೆ ಕೂತಿದ್ದರು? ಎಷ್ಟು ವರ್ಷ? ತನ್ನ ಮುಂದೆ ಸಾಲಾಗಿ ಕೂತು ಚಿಟಿಕೆ, ಚಪ್ಪಾಳೆ ಹೊಡೆದ ಆ ಕೈಗಳೆಲ್ಲ ಹುಸಿ ಕೈಗಳೇ? ಅವರು ಒಬ್ಬರ ಮುಖ ಒಬ್ಬರು ನೋಡದಂತೆ ಕೂರುತ್ತಿದ್ದುದನ್ನು ಅವನು ಶಿಸ್ತು ಎಂದುಕೊಂಡಿದ್ದ. ಈಗ ಮದುವೆಯಾಗಿ ಮಕ್ಕಳನ್ನು ಎತ್ತಿಕೊಂಡು ಬಸ್ಸಿನಲ್ಲಿ ಸಿಗುವ ಅವರು, ಸರ್ ಆರಾಮದೀರಾ ಎಂದು ಎದ್ದು ಸೀಟು ಬಿಡುವ ಅವರು, ಒಬ್ಬೊಬ್ಬರಿಗೂ ಗೊತ್ತಿತ್ತು. ಊರಲ್ಲಿ ಅರ್ಧ ಜನಕ್ಕೆ ಗೊತ್ತಿತ್ತು. ಗಂಗಾಧರನಿಗೂ ಗೊತ್ತು, ಆ ತಡವರಿಕೆ ಅದೇ. ಯಾರೂ ಹಿಂದಿನಿಂದ ನಗಲಿಲ್ಲವೆಂಬುದೇ ಅವನಿಗೆ ಸಹಿಸಲಾಗಲಿಲ್ಲ. ನಕ್ಕಿದ್ದರೆ ಜಗಳ ತೆಗೆಯಬಹುದಿತ್ತು. ಎಲ್ಲರೂ ಸೇರಿ ಅವನನ್ನು ಕಾಪಾಡಿದ್ದರು, ಹುಳಿ ಬಿದ್ದರೆ ಹಾಲು ಒಡೆಯುತ್ತದೆಂದು ಬೇರೆಯೇ ಎತ್ತಿಡುವ ಹಾಗೆ.

ಮನೆಗೆ ಬಂದಾಗ ಪುಷ್ಪಲತಾ ನೀಲಿ ಅಂಚಿನ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು. ಜೀಪು ಹೇಳಲೇ ಎಂದು ಗಂಗಾಧರ್ ಫೋನು ಮಾಡಿದ್ದನಂತೆ, ಅವಳೇ ಬೇಡ, ಇವರ ಬೈಕಿನಲ್ಲಿ ಬರುತ್ತೇನೆ ಎಂದಳಂತೆ. ಯಾಕೆ ಬೇಡವೆಂದಳು? ಇದೂ ಕಾಪಾಡುವುದೇ? ಅವಳು ಹಿಂದೆ ಕೂತು ಹೆಗಲ ಮೇಲೆ ಕೈ ಇಟ್ಟಳು. ಊರು ದಾಟಿ ಮುಖ್ಯ ರಸ್ತೆಗೆ ಬಂದರೆ ಎರಡೂ ಕಡೆ ಈರುಳ್ಳಿ ಕೀಳುತ್ತಿದ್ದ ಹೆಂಗಸರು, ದಾಳಿಂಬೆಯ ತೋಟಗಳು, ಎದುರಿಗೆ ಮೆಕ್ಕೆಜೋಳದ ಲಾರಿಗಳು. ಅವಳನ್ನು ನೋಡಲು ಹೋದ ದಿನ ಗುಂತಕಲ್ಲಿನಲ್ಲೂ ಹೀಗೇ ಬಿಸಿಲಿತ್ತು. ಅವಳ ಅಪ್ಪ ಅಲ್ಲಿ ರೈಲ್ವೆಯಲ್ಲಿದ್ದರು. ಕಾಲೊನಿಯ ಮನೆಯ ಮುಂದೆ ರೈಲು ಹೋದಾಗಲೆಲ್ಲ ಮಾತು ನಿಲ್ಲಿಸಬೇಕಾಗುತ್ತಿತ್ತು. ಅವನ ತಾಯಿ ಭರಮಮ್ಮ ಹುಡುಗಿಯ ಅಂಗೈ ಹಿಡಿದು ನೋಡಿದಳು, ರೊಟ್ಟಿ ಬಡಿದ ಕೈಯೋ ಅಲ್ಲವೋ ಎಂದು. ವಚನ ಹೇಳಿಸಿದರು. ಪಿಯುಸಿ ಆಗೈತಿ ಎಂದು ಅವಳ ಅಪ್ಪ ಅಂದರು. ಯಾವ ಮೀಡಿಯಂ ಎಂದು ಯಾರೂ ಕೇಳಲಿಲ್ಲ. ಆಂಧ್ರದ ಊರು, ತೆಲುಗಿನಲ್ಲಿ ಓದಿರುತ್ತಾಳೆ ಎಂದು ಗುರುಶಾಂತ ತಾನೇ ತೀರ್ಮಾನಿಸಿಕೊಂಡ. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಪೇಪರಿನ ಇಂಗ್ಲಿಷ್ ಪದವೊಂದನ್ನು ಅವಳಿಗೆ ಬಿಡಿಸಿ ಓದಿಸಲು ಹೋದಾಗ ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದ್ದಳು. ಏನು ನೋಡುತ್ತೀ ಎಂದರೆ, ಎಷ್ಟು ಚೆಂದ ಹೇಳಿಕೊಡುತ್ತೀರಿ ಎಂದಿದ್ದಳು. ಆ ರಾತ್ರಿ ಅವನು ಬಹಳ ಸುಖಪಟ್ಟಿದ್ದ. ಅವತ್ತೇ ಅವಳು ನಿರ್ಧಾರ ಮಾಡಿದಳೋ?

ಬೈಕಿನ ಮೇಲೆ ಹೇಳುವುದು ಸುಲಭ, ಮುಖ ನೋಡಬೇಕಾಗಿಲ್ಲ. ನಿನಗೆ ಬಂದಹಾಗೆ ಅನ್ನು ಎಂದರೆ ಸಾಕು. ಮೂರು ಪದ. ಅಷ್ಟು ಅಂದುಬಿಟ್ಟರೆ ಅವಳು ಇವತ್ತು ಆ ದೊಡ್ಡವರ ಮುಂದೆ ತನ್ನ ನಾಲಿಗೆಯಲ್ಲಿ ತಾನು ಮಾತಾಡುತ್ತಾಳೆ. ಆದರೆ ಅಂದ ಮರುಗಳಿಗೆಯಿಂದ ಅವನು ಯಾರು? ಬೋರ್ಡಿನ ಮುಂದೆ ನಿಂತು ಚಿಟಿಕೆ ಹೊಡೆಯುವ ಕೋಡಂಗಿ. ನಾಳೆ ತರಗತಿಗೆ ಹೋಗಿ ಯಾವ ಕೈಯಿಂದ ಸೀಮೆಸುಣ್ಣ ಹಿಡಿಯುವುದು?  ರೈಲ್ವೆ ಗೇಟು ಹಾಕಿದ್ದರು. ಬೈಕು ನಿಲ್ಲಿಸಿದಾಗ ಎಂಜಿನ್ನಿನ ಸದ್ದೂ ನಿಂತಿತು, ಈಗ ಹೇಳಬಹುದಿತ್ತು. ಅವನು ತಲೆಯನ್ನು ಅರ್ಧ ಹಿಂದಕ್ಕೆ ತಿರುಗಿಸಿ, "ಗುರು ಇದ್ದಲ್ಲಿ ಒತ್ತು. ಮರೀಬ್ಯಾಡ," ಎಂದ. ತನ್ನ ದನಿ ತನಗೇ ಹೇಸಿಗೆಯಾಯಿತು. ಅವಳು ಹ್ಞೂಂ ಎಂದಳು. ಗೂಡ್ಸು ಗಾಡಿ ಹೋಗುತ್ತಲೇ ಇತ್ತು.

ಸಭಾಂಗಣದಲ್ಲಿ ಫ್ಯಾನುಗಳ ಸದ್ದೇ ಸದ್ದು. ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆಯ ಅಧ್ಯಕ್ಷೆಯರು ಮುಂದಿನ ಸಾಲುಗಳಲ್ಲಿ, ಅವರ ಯಜಮಾನರು ಹಿಂದೆ, ಕೈಯಲ್ಲಿ ಹೆಂಡತಿಯರ ವ್ಯಾನಿಟಿ ಬ್ಯಾಗು ಹಿಡಿದುಕೊಂಡು. ಕಾರ್ಯಕ್ರಮ ಶುರುವಾಗುವ ಮುಂಚೆ ಗುರುಶಾಂತ ನೀರು ಹುಡುಕಿಕೊಂಡು ಹೋದವನು ತಿರುಗಿ ಬರುವಾಗ ಕಿಟಕಿಯ ಹತ್ತಿರ ಪುಷ್ಪಲತಾಳನ್ನು ಕಂಡ. ದೆಹಲಿಯ ತಂಡದ ಹಿರಿಯ ಹೆಂಗಸು, ಬಿಳಿ ಕೂದಲು, ಖಾದಿ ಸೀರೆ, ಅವಳ ಎದುರಿಗೆ ನಿಂತು ಕೇಳುತ್ತಿದ್ದಳು. ಪುಷ್ಪಲತಾ ಮಾತಾಡುತ್ತಿದ್ದಳು. ಫ್ಯಾನಿನ ಸದ್ದಿಗೆ ಏನೂ ಕೇಳಿಸುತ್ತಿರಲಿಲ್ಲ, ಆದರೆ ಅವಳ ಕೈಗಳು, ಇಪ್ಪತ್ತು ವರ್ಷ ತನ್ನ ಮುಂದೆ ಸೆರಗು ಹಿಡಿದೇ ನಿಂತ ಕೈಗಳು, ಗಾಳಿಯಲ್ಲಿ ಏನನ್ನೋ ಕಟ್ಟಿ ತೋರಿಸುತ್ತಿದ್ದವು. ಆ ಹೆಂಗಸು ನಕ್ಕಳು. ಪುಷ್ಪಲತಾಳೂ ನಕ್ಕಳು, ಪಂಚಾಯಿತಿಯ ಗೋಡೆಯಾಚೆ ಅವನು ಕೇಳಿದ್ದ ಅದೇ ನಗು. ಎಷ್ಟು ಚೆಂದ ಇದ್ದಾಳೆ ಎಂದು ಅವನಿಗೆ ಅನ್ನಿಸಿತು, ಪರರ ಹೆಂಡತಿಯನ್ನು ಕದ್ದು ನೋಡಿದವನಂತೆ ಅಂಜಿಕೆಯೂ ಆಯಿತು. ಅವನು ಹತ್ತಿರ ಹೋದ. ಅವನನ್ನು ಕಂಡದ್ದೇ ಅವಳ ಕೈಗಳು ಇಳಿದವು. ಎಸ್ ಮೇಡಂ, ಥ್ಯಾಂಕ್ಯೂ ಮೇಡಂ ಎಂದು ಎಳೆಎಳೆದು ಅಂದು, ಇವರು ನಮ್ಮ ಯಜಮಾನರು ಎಂದು ಕನ್ನಡದಲ್ಲಿ ಹೇಳಿ ಪಕ್ಕಕ್ಕೆ ಸರಿದಳು.

ಹಡಗಲಿ ಕಡೆಯ ಮೈಲಮ್ಮ ಎಂಬಾಕೆ ಮೊದಲು ಎದ್ದಳು. ನನಗೆ ಇಂಗ್ಲಿಷ್ ಬರುವುದಿಲ್ಲ, ನಮ್ಮ ಭಾಷೆಯಲ್ಲೇ ಹೇಳುತ್ತೇನೆ, ತಿಳಿದವರು ಅವರಿಗೆ ತಿಳಿಸಿರಿ ಎಂದು ಹೇಳಿ, ಮೈಕನ್ನು ಸೌಟಿನ ಹಾಗೆ ಹಿಡಿದು, ಕುಡಿಯುವ ನೀರಿಗೆ ತಾನು ಪಟ್ಟ ಪಾಡನ್ನು ಎಲ್ಲರ ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಾ ಹೇಳಿದಳು. ಸಭೆ ಎದ್ದು ಕುಣಿಯುವುದೊಂದು ಬಾಕಿ. ಪುಷ್ಪಲತಾಳೂ ಹೀಗೆ ಮಾತಾಡಬಹುದಿತ್ತು. ಇಂಗ್ಲಿಷ್ ಬೇಕೆಂದು ಕುಣಿದವನು ತಾನು. ಗುರುಶಾಂತ ಮೂರನೆಯ ಸಾಲಿನ ತುದಿಗೆ ಬಂದು ಕೂತಿದ್ದ. ಅವಳ ಹೆಸರು ಕರೆದರು. ಅವಳು ಹೋಗಿ ಮೈಕಿನ ಮುಂದೆ ನಿಂತು ಹಾಳೆ ಬಿಡಿಸಿದಳು. ಬೇಡ, ನಿನ್ನ ಹಾಗೆ ಅನ್ನು, ನಿನ್ನ ಹಾಗೇ ಅನ್ನು ಎಂದು ಅವನು ಒಳಗೇ ಹೇಳಿಕೊಂಡ, ಈ ಸಲ ನಿಜವಾಗಿಯೂ ಹೇಳಿಕೊಂಡ. ಕೈ ಎತ್ತಿ ಸನ್ನೆ ಮಾಡೋಣವೆಂದರೆ ಎಂಥ ಸನ್ನೆ? ಅವಳು ತಲೆಯೆತ್ತಿ ಸಾಲುಗಳಲ್ಲಿ ಅವನನ್ನು ಹುಡುಕಿದಳು. ಕಣ್ಣಿಗೆ ಕಣ್ಣು ಸಿಕ್ಕಿತು. ಅವನ ಮುಖದಲ್ಲಿ ಅವಳು ಏನು ಓದಿಕೊಂಡಳೋ, ಹಾಳೆ ನೋಡದೆ ಶುರುಮಾಡಿದಳು. ಲೋಕಲ್ ಎಂದಳು. ಸೆಲ್ಫ್ ಎಂದಳು. ಒಂದಿಷ್ಟು ತಡೆದಳು. ಆಮೇಲೆ ಗ-ವರ್-ನ-ಮೆಂಟ್ ಎಂದು, ಒಂದೊಂದನ್ನೂ ಬಿಡಿಸಿ, 'ವರ್' ಮೇಲೆ ಮಣಭಾರ ಹೇರಿ, ಇಡೀ ಸಭಾಂಗಣಕ್ಕೆ ಕೇಳುವ ಹಾಗೆ ಅಂದಳು.

ತಂಡದಲ್ಲಿದ್ದ ಒಬ್ಬ ಹುಡುಗ ತುಟಿ ಕಚ್ಚಿ ನಗು ತಡೆದುಕೊಂಡು ಮೊಬೈಲು ನೋಡತೊಡಗಿದ. ಬಿಳಿ ಕೂದಲಿನ ಹೆಂಗಸು ಮಾತ್ರ ನಗಲಿಲ್ಲ. ಏನೋ ಬರೆದುಕೊಳ್ಳುತ್ತಿದ್ದವಳು ತಲೆಯೆತ್ತಿ ಪುಷ್ಪಲತಾಳನ್ನು ನೋಡಿದಳು. ಈಗಷ್ಟೇ ಕಿಟಕಿಯ ಹತ್ತಿರ ತನ್ನ ಜೊತೆ ಮಾತಾಡಿದವಳು ಇವಳೇನಾ ಎಂಬ ಹಾಗೆ ನೋಡಿದಳು. ಆಮೇಲೆ ಪುಷ್ಪಲತಾ ಎತ್ತ ನೋಡುತ್ತಿದ್ದಾಳೆಂದು ನಿಧಾನವಾಗಿ ಕುತ್ತಿಗೆ ತಿರುಗಿಸಿ, ಮೂರನೆಯ ಸಾಲಿನ ತುದಿಯವರೆಗೂ ಬಂದು, ಗುರುಶಾಂತನ ಮೇಲೆ ಕಣ್ಣು ನಿಲ್ಲಿಸಿದಳು. ದೂರದ ಊರಿನ ಹೆಂಗಸು, ಇನ್ನೊಮ್ಮೆ ಈ ಕಡೆ ಬರುವವಳಲ್ಲ. ಅವಳಿಗೂ ಗೊತ್ತಾಯಿತು. ಭಾಷಣ ಮುಗಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಗುರುಶಾಂತನೂ ತಟ್ಟಿದ. ಪಕ್ಕದಲ್ಲಿ ಕೂತು ಆಗಲೇ ಪರಿಚಯ ಮಾಡಿಕೊಂಡಿದ್ದ ಕೂಡ್ಲಿಗಿಯ ಯಾರೋ ಯಜಮಾನರು, ನಿಮ್ಮ ಮನೆಯವರಿಗೆ ಇಂಗ್ಲಿಷ್ ಚಲೋ ಕಲಿಸೀರಿ ಮೇಷ್ಟ್ರ ಎಂದು ಅವನ ತೊಡೆ ತಟ್ಟಿದರು. ಸತ್ತುಹೋಗಬೇಕು ಅನ್ನಿಸಿತು.

ತಿರುಗಿ ಬರುವಾಗ ಬಿಸಿಲು ಇಳಿದಿತ್ತು. ಸರಿ ಅಂದೆನೇನ್ರಿ ಎಂದು ಅವಳು ಕೇಳಿದಳು, ಸರಿ ಇತ್ತು ಎಂದು ಅವನೂ ಹೇಳಿದ. ಹೆಗಲ ಮೇಲಿನ ಅವಳ ಕೈ ಸಡಿಲವಾಯಿತು. ಹಾಗಾದರೆ ನಿನ್ನೆ ರಾತ್ರಿ ಅವನು ಆರಿಸಿದ ಸೀರೆಯನ್ನು, ಇದೇ ಚೆಂದ ಎಂದು ಅವಳು ಅಂದದ್ದು? ಮಗಳು ಅಮೃತಾಳ ಹೆಸರು, ಮನೆಯ ಬಣ್ಣ, ಚುನಾವಣೆಗೆ ನಿಲ್ಲುವುದು, ಎಲ್ಲದಕ್ಕೂ ನೀವು ಹೇಳಿದ್ದೇ ಸರಿ ಎಂದದ್ದು? ಕತ್ತಲಲ್ಲಿ ಅವನ ಪಕ್ಕ ಮಲಗಿ ಸುಖವಾಗಿದ್ದೀನಿ ಎಂದದ್ದು? ಯಾವುದನ್ನು ಅವಳು ಕಟ್ಟೆಯ ಮೇಲೆ ಅಂದಳು, ಯಾವುದನ್ನು ಸರ್ ಮುಂದೆ ಅಂದಳು? ಇಷ್ಟು ವರ್ಷದ ಸಂಸಾರವನ್ನು ಮೊದಲಿನಿಂದ ಇನ್ನೊಮ್ಮೆ ಕೇಳಿಸಿಕೊಳ್ಳಬೇಕಾಗಿತ್ತು, ಆಗದ ಕೆಲಸ. ಬೈಕಿನ ವೇಗ ತಗ್ಗಿಸಿದ. ಕೇಳುವುದಿದ್ದರೆ ಒಂದೇ ಪ್ರಶ್ನೆ, ಗುಂತಕಲ್ಲಿನ ಆ ಮನೆಯಲ್ಲಿ ರೈಲು ಹೋಗುವ ಸಂದಿಯಲ್ಲಿ ಕೇಳಬೇಕಾಗಿದ್ದ ಪ್ರಶ್ನೆ. ಕೇಳಿದರೆ ಅವಳು ನಿಜ ಹೇಳಲಿ, ಬೈಯಲಿ, ನಗಲಿ, ಏನು ಬೇಕಾದರೂ ಮಾಡಲಿ ಎಂದು ಗಟ್ಟಿ ಮನಸ್ಸು ಮಾಡಿದ.

"ನಿನಗ ಇಂಗ್ಲಿಷ್ ಯಾರು ಕಲಿಸಿದ್ರು ಪುಷ್ಪಾ?" ಎಂದ.

ಹೆಗಲ ಮೇಲಿನ ಕೈ ಅಲುಗಲಿಲ್ಲ.

"ಇದೇನ್ ಹಿಂಗ ಕೇಳ್ತೀರಿ? ನೀವ ಅಲ್ಲೇನ್ರಿ," ಎಂದಳು. ಅದನ್ನು ಅವಳು ಎಷ್ಟು ಪ್ರೀತಿಯಿಂದ, ಎಷ್ಟು ಸಲೀಸಾಗಿ ಅಂದಳೆಂದರೆ ಗುರುಶಾಂತನಿಗೆ ಹೆದರಿಕೆಯಾಯಿತು.